ಎರೆಮಣ್ಣಿನಲ್ಲಿ ಮನೆಗೊಂದು ಬೇರು: ಪೈಲ್ ತಳಪಾಯಗಳ ಪರಿಚಯ

ಮನೆಯ ಗೋಡೆಯಲ್ಲಿ ಬಿರುಕು ಕಾಣಿಸಿಕೊಂಡರೆ ನಾವು ಮೊದಲು ದೂರುವುದು ಗೌಂಡಿಯನ್ನು, ಆಮೇಲೆ ಸಿಮೆಂಟನ್ನು. ಅದೂ ಅಲ್ಲವೆಂದರೆ ವಾಸ್ತುವನ್ನು. ಕಾಲ ಕೆಳಗಿನ ನೆಲವನ್ನು ದೂರುವವರು ಬಹಳ ಕಡಿಮೆ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಎರೆಮಣ್ಣಿನ ಊರುಗಳಲ್ಲಿ ಅನೇಕ ಬಿರುಕುಗಳಿಗೆ ನಿಜವಾದ ಕಾರಣ ನೆಲವೇ. ಕಬ್ಬು, ಜೋಳ, ತಂಬಾಕು ಬೆಳೆದು ಕೊಟ್ಟ ಅದೇ ಕರಿಯ ನೆಲ ತನ್ನ ಮೇಲೆ ಕಟ್ಟಿದ ಮನೆಯನ್ನು ವರ್ಷಕ್ಕೊಮ್ಮೆ ಎತ್ತಿ ಇಳಿಸುತ್ತದೆ.

ಇದನ್ನು ತಡೆಯಲು ಇಂಜಿನಿಯರರು ಬಳಸುವ ಉಪಾಯಗಳಲ್ಲಿ ಮುಖ್ಯವಾದದ್ದು ಪೈಲ್ ತಳಪಾಯ. ಇದನ್ನು ತೆರೆಯ ಮೇಲೆ ತೋರಿಸುವುದರಲ್ಲಿ ಒಂದು ತೊಡಕಿದೆ. ಕೆಲಸ ಮುಗಿದ ದಿನವೇ ಪೈಲ್ ಕಣ್ಮರೆಯಾಗುತ್ತದೆ. ಕ್ಯಾಮೆರಾಕ್ಕೆ ಸಿಗುವುದು ಮೇಲಿನ ಗೋಡೆ ಮಾತ್ರ. ಆದ್ದರಿಂದ ಚರ್ಚೆಯ ಭರದಲ್ಲಿ ಬಿಟ್ಟುಹೋಗುವ ಸಂಗತಿಗಳನ್ನು ಈ ಪುಟಗಳಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಎರೆಮಣ್ಣು ಉಬ್ಬುವುದೇಕೆ?

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಹರಡಿದ ಲಾವಾರಸ ತಣಿದು ಬಸಾಲ್ಟ್ ಶಿಲೆಯಾಯಿತು. ಈ ಕಪ್ಪು ಕಲ್ಲು ಬಿಸಿಲು ಮಳೆಗಳಿಗೆ ಸಿಕ್ಕಿ ಶಿಥಿಲವಾಗಿ ಎರೆಮಣ್ಣು ಹುಟ್ಟಿತು. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿದೆ. ಇದರ ರಚನೆಯನ್ನು ಪುಸ್ತಕದ ಹಾಳೆಗಳಿಗೆ ಹೋಲಿಸಬಹುದು. ಒಂದೊಂದು ಹಾಳೆಯ ದಪ್ಪ ಸುಮಾರು ಒಂದು ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಹಾಳೆಗಳ ನಡುವಿನ ಬಂಧ ಬಹಳ ದುರ್ಬಲವಾದ್ದರಿಂದ ನೀರಿನ ಅಣುಗಳು ಸುಲಭವಾಗಿ ಒಳಹೊಕ್ಕು ಅವನ್ನು ದೂರ ಸರಿಸುತ್ತವೆ. ಮಣ್ಣು ಉಬ್ಬುವುದು ಹೀಗೆ. ಬೇಸಿಗೆಯಲ್ಲಿ ನೀರು ಹೊರಟುಹೋದಾಗ ಹಾಳೆಗಳು ಮತ್ತೆ ಒತ್ತಾಗುತ್ತವೆ, ನೆಲ ಕುಗ್ಗಿ ಬಾಯ್ಬಿಡುತ್ತದೆ.

ಕುಂಬಾರರು ಮತ್ತು ಪಿಂಗಾಣಿ ತಯಾರಕರು ಬಳಸುವ ಕೇಯೊಲಿನೈಟ್ ಜೇಡಿಯಲ್ಲಿ ಹಾಳೆಗಳನ್ನು ಹೈಡ್ರೊಜನ್ ಬಂಧಗಳು ಬಿಗಿಯಾಗಿ ಹಿಡಿದಿರುತ್ತವೆ. ನೀರಿಗೆ ಅಲ್ಲಿ ಪ್ರವೇಶವಿಲ್ಲ, ಆದ್ದರಿಂದ ಅದು ಅಷ್ಟಾಗಿ ಉಬ್ಬುವುದಿಲ್ಲ. ಎರಡೂ ಜೇಡಿಯೇ, ಆದರೆ ಒಳಗಿನ ಬಂಧ ಬೇರೆ, ಗುಣವೂ ಬೇರೆ. ರಸಾಯನಶಾಸ್ತ್ರದ ತರಗತಿಯಲ್ಲಿ ಹೈಡ್ರೊಜನ್ ಬಂಧದ ಪಾಠ ಬಂದಾಗ ಊರಿನ ಬಿರುಕು ಬಿಟ್ಟ ಹೊಲವನ್ನು ನೆನಪಿಸಿಕೊಳ್ಳಿ.

ಮನೆ ಸೀಳುವುದು ಹೇಗೆ?

ನೆಲವೆಲ್ಲ ಒಂದೇ ಸಮನೆ ಏರಿ ಇಳಿದರೆ ಮನೆಗೆ ಅಪಾಯವಿಲ್ಲ. ದೋಣಿಯ ಹಾಗೆ ಅದೂ ಏರಿ ಇಳಿಯುತ್ತಿತ್ತು. ತೊಂದರೆ ಇರುವುದು ಅಸಮಾನತೆಯಲ್ಲಿ. ಮಳೆ ಬಂದಾಗ ಮೊದಲು ನೆನೆಯುವುದು ಮನೆಯ ಅಂಚುಗಳ ಮಣ್ಣು. ಅಂಚು ಏರುತ್ತದೆ, ನಡು ಅಲ್ಲಿಯೇ ಉಳಿಯುತ್ತದೆ. ಕೆಲವು ವರ್ಷ ಕಳೆದ ಮೇಲೆ ಮನೆಯ ನೆರಳಿನಲ್ಲಿರುವ ನಡುವಿನ ಮಣ್ಣು ಆರದೆ ತೇವವನ್ನು ಕೂಡಿಸಿಕೊಳ್ಳುತ್ತದೆ. ಆಗ ನಡು ಏರಿ, ಬೇಸಿಗೆಯಲ್ಲಿ ಅಂಚುಗಳು ಕುಸಿಯುತ್ತವೆ. ಬಚ್ಚಲ ನೀರು ಒಂದೇ ಮೂಲೆಯಲ್ಲಿ ಇಂಗುತ್ತಿದ್ದರೆ ಆ ಮೂಲೆಯದೇ ಬೇರೆ ಲೆಕ್ಕ. ಗೋಡೆಗೆ ಒತ್ತಿ ಬೆಳೆದ ಮರ ಬೇರಿನಿಂದ ನೀರು ಹೀರಿದರೆ ಆ ಕಡೆ ನೆಲ ಕುಗ್ಗುತ್ತದೆ. ಹೀಗೆ ಮನೆಯ ಒಂದು ಭಾಗ ಏರಿ ಇನ್ನೊಂದು ಇಳಿದಾಗ ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಮಳೆಗಾಲದಲ್ಲಿ ಮುಚ್ಚಿಕೊಂಡು ಬೇಸಿಗೆಯಲ್ಲಿ ತೆರೆದುಕೊಳ್ಳುವ, ಇಲ್ಲವೆ ಅದಕ್ಕೆ ವಿರುದ್ಧವಾಗಿ ವರ್ತಿಸುವ ಬಿರುಕು ಕಂಡರೆ ಅದು ನೆಲದ ಚಲನೆಯ ಗುರುತು. ಅದಕ್ಕೆ ಮೇಲೆ ಗಿಲಾವು ಮೆತ್ತಿ ಪ್ರಯೋಜನವಿಲ್ಲ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಎರೆಮಣ್ಣು ಉಬ್ಬುವಾಗ ಮೇಲೊತ್ತುವ ಬಲ, ಒಂದೇ ಅಂತಸ್ತಿನ ಮನೆ ಕೆಳಗೊತ್ತುವ ಬಲವನ್ನು ಎಷ್ಟೋ ವೇಳೆ ಮೀರುತ್ತದೆ. ಆದ್ದರಿಂದ ಭಾರವಾದ ಕಟ್ಟಡಕ್ಕಿಂತ ಹಗುರವಾದ ಸಣ್ಣ ಮನೆಗೇ ಹೆಚ್ಚು ಪೆಟ್ಟು. ಕಡಿಮೆ ಹಣ ಉಳ್ಳವರ ಮನೆಗೇ ಹೆಚ್ಚು ಎಚ್ಚರಿಕೆಯ ತಳಪಾಯ ಬೇಕಾಗುತ್ತದೆ ಎಂಬುದು ಈ ನೆಲದ ಕಠಿಣ ನಿಯಮ.

ಪೈಲ್ ಎಂದರೇನು?

ಸಾಮಾನ್ಯ ಬುನಾದಿ ಮನೆಯ ಭಾರವನ್ನು ಮೇಲ್ಪದರದ ಮಣ್ಣಿನಲ್ಲಿಯೇ ಅಗಲವಾಗಿ ಹರಡುತ್ತದೆ. ಪೈಲ್ ಹಾಗಲ್ಲ. ಅದು ನಂಬಲಾಗದ ಮೇಲಿನ ಪದರವನ್ನು ದಾಟಿ, ನಂಬಬಹುದಾದ ಕೆಳಗಿನ ಪದರಕ್ಕೆ ಭಾರವನ್ನು ಒಯ್ದು ಒಪ್ಪಿಸುವ ಉದ್ದನೆಯ ಕಂಬ. ಇದು ಹೊಸ ವಿದ್ಯೆಯಲ್ಲ. ಕ್ರಿಸ್ತಪೂರ್ವ 55ರಲ್ಲಿ ಜೂಲಿಯಸ್ ಸೀಸರನ ಸೈನಿಕರು ರೈನ್ ನದಿಯಲ್ಲಿ ಮರದ ಕಂಬಗಳನ್ನು ಹೊಡೆದು ಸೇತುವೆ ಕಟ್ಟಿದರು. 17ನೇ ಶತಮಾನದಲ್ಲಿ ಕಟ್ಟಿದ ಆಮ್‌ಸ್ಟರ್‌ಡಾಮಿನ ಅರಮನೆ 13,659 ಮರದ ಕಂಬಗಳ ಮೇಲೆ ನಿಂತಿದೆ. ಮರ ಕೊಳೆಯಲಿಲ್ಲವೆ ಎಂದು ನೀವು ಕೇಳಬಹುದು. ಸದಾ ನೀರಿನಲ್ಲಿ ಮುಳುಗಿರುವ ಮರಕ್ಕೆ ಆಮ್ಲಜನಕ ಸಿಗದ ಕಾರಣ ಅದನ್ನು ಕೊಳೆಸುವ ಶಿಲೀಂಧ್ರಗಳು ಬೆಳೆಯಲಾರವು. ಅಂತರ್ಜಲ ಇಳಿದು ಕಂಬದ ತಲೆ ಗಾಳಿಗೆ ತೆರೆದುಕೊಂಡಾಗ ಕೇಡು ಶುರುವಾಗುತ್ತದೆ.

ಇಂದು ಬಳಕೆಯಲ್ಲಿರುವುದು ಹೆಚ್ಚಾಗಿ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಪೈಲುಗಳು. ಕೆಲವೆಡೆ ಉಕ್ಕಿನ ಪೈಲುಗಳೂ ಉಂಟು. ಇವನ್ನು ಎರಡು ಬಗೆಯಲ್ಲಿ ವಿಂಗಡಿಸಿ ನೋಡಿದರೆ ತಿಳಿಯುವುದು ಸುಲಭ: ಒಂದು, ಭಾರ ಹೊರುವ ರೀತಿ. ಇನ್ನೊಂದು, ನೆಲದೊಳಗೆ ಇಳಿಸುವ ರೀತಿ.

ಭಾರ ಹೊರುವ ರೀತಿ

ಕೆಳಗೆ ಗಟ್ಟಿ ಬಂಡೆ ಸಿಕ್ಕಿ ಪೈಲಿನ ತುದಿ ಅದರ ಮೇಲೆ ಕುಳಿತರೆ ಅದು ತುದಿಯಾಸರೆಯ ಪೈಲ್. ಮನೆಯ ಕಂಬ ಕಲ್ಲಿನ ಮೇಲೆ ನಿಂತ ಹಾಗೆ. ಬಂಡೆ ಎಟುಕದಷ್ಟು ಆಳದಲ್ಲಿದ್ದರೆ ಪೈಲಿನ ಮೈಯನ್ನು ಸುತ್ತಲಿನ ಮಣ್ಣು ಹಿಡಿದುಕೊಳ್ಳುವ ಘರ್ಷಣೆಯೇ ಆಸರೆ. ಇದು ಘರ್ಷಣೆಯ ಪೈಲ್. ಗೋಡೆಗೆ ಹೊಡೆದ ಮೊಳೆಯನ್ನು ಕೀಳುವಾಗ ಕೈಗೆ ತಿಳಿಯುವ ಬಿಗಿಯೇ ಇದು. ವಾಸ್ತವದಲ್ಲಿ ಬಹುಪಾಲು ಪೈಲುಗಳು ಎರಡನ್ನೂ ಸ್ವಲ್ಪ ಸ್ವಲ್ಪ ಬಳಸಿಕೊಳ್ಳುತ್ತವೆ.

ಒಂದು ಲೆಕ್ಕ ಮಾಡೋಣ. 50 ಸೆಂಟಿಮೀಟರ್ ವ್ಯಾಸದ, 10 ಮೀಟರ್ ಉದ್ದದ ಪೈಲಿನ ತುದಿಯ ವಿಸ್ತೀರ್ಣ ಸುಮಾರು 0.2 ಚದರ ಮೀಟರ್. ಅದರ ಮೈಯ ವಿಸ್ತೀರ್ಣವಾದರೋ ಸುಮಾರು 15.7 ಚದರ ಮೀಟರ್. ತುದಿಯ ಸುಮಾರು ಎಂಬತ್ತು ಪಟ್ಟು! ಚದರ ಮೀಟರಿಗೆ ಸಿಗುವ ಘರ್ಷಣೆ ಅಲ್ಪವಾದರೂ ಒಟ್ಟು ಮೊತ್ತ ದೊಡ್ಡದಾಗುವುದು ಹೀಗೆ.

ಆದರೆ ಘರ್ಷಣೆ ಸದಾ ಸ್ನೇಹಿತನಲ್ಲ. ಹೊಸದಾಗಿ ಮಣ್ಣು ತುಂಬಿದ ಜಾಗದಲ್ಲಿ ಪೈಲ್ ಹಾಕಿದರೆ, ಆ ಮಣ್ಣು ಕುಸಿಯುತ್ತ ಪೈಲನ್ನು ತನ್ನೊಂದಿಗೆ ಕೆಳಕ್ಕೆ ಎಳೆಯುತ್ತದೆ. ಎರೆಮಣ್ಣಿನಲ್ಲಿ ಇದರ ವಿರುದ್ಧ: ಉಬ್ಬುವ ಮಣ್ಣು ಪೈಲಿನ ಮೈ ಹಿಡಿದು ಮೇಲಕ್ಕೆ ಎತ್ತುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಳಿಸುವ ರೀತಿ

ಮೊದಲೇ ಎರಕ ಹೊಯ್ದ ಪೈಲನ್ನು ಭಾರಿ ಸುತ್ತಿಗೆಯಿಂದ ಹೊಡೆದು ಇಳಿಸುವುದು ಒಂದು ವಿಧಾನ. ಸಡಿಲ ಮರಳಿನಲ್ಲಿ ಇದು ಬಹಳ ಒಳ್ಳೆಯದು. ಪೈಲ್ ಇಳಿದಷ್ಟೂ ಸುತ್ತಲಿನ ಮರಳು ಒತ್ತಾಗಿ ಗಟ್ಟಿಯಾಗುತ್ತದೆ. ಆದರೆ ಸದ್ದು ಮತ್ತು ಕಂಪನ ವಿಪರೀತ. ಹಳೆಯ ವಾಡೆಗಳು, ಮಣ್ಣಿನ ಗೋಡೆಯ ಮನೆಗಳು ಒತ್ತೊತ್ತಾಗಿರುವ ಓಣಿಯಲ್ಲಿ ಇದು ಸಲ್ಲದು.

ಎರಡನೆಯದು, ನೆಲದಲ್ಲಿ ರಂಧ್ರ ಕೊರೆದು, ಕಬ್ಬಿಣದ ಪಂಜರ ಇಳಿಸಿ, ಅಲ್ಲಿಯೇ ಕಾಂಕ್ರೀಟ್ ತುಂಬುವುದು. ನೀರಿರುವ ಸಡಿಲ ನೆಲದಲ್ಲಿ ಕೊರೆದ ರಂಧ್ರದ ಗೋಡೆ ಕುಸಿಯದಂತೆ ಒಳಗೆ ಬೆಂಟೊನೈಟ್ ಎಂಬ ಜೇಡಿಯ ತೆಳು ರಾಡಿಯನ್ನು ತುಂಬಿರುತ್ತಾರೆ. ಈ ಬೆಂಟೊನೈಟಿನ ಮುಖ್ಯ ಖನಿಜ ಯಾವುದು ಗೊತ್ತೆ? ಅದೇ ಮಾಂಟ್‌ಮೊರಿಲೊನೈಟ್! ಮನೆಯನ್ನು ಸೀಳುವ ಖನಿಜವೇ ಇಲ್ಲಿ ರಂಧ್ರದ ಗೋಡೆಯನ್ನು ಹಿಡಿದು ನಿಲ್ಲಿಸುತ್ತದೆ. ಕಾಂಕ್ರೀಟನ್ನು ಉದ್ದನೆಯ ಕೊಳವೆಯ ಮೂಲಕ ತಳದಿಂದ ಮೇಲಕ್ಕೆ ತುಂಬುತ್ತ ಬಂದಂತೆ ರಾಡಿ ಮೇಲೇರಿ ಹೊರಬರುತ್ತದೆ. ಕೊಳವೆಯ ತುದಿ ಸದಾ ಹಸಿ ಕಾಂಕ್ರೀಟಿನಲ್ಲಿ ಮುಳುಗಿರಬೇಕು. ಅವಸರದಲ್ಲಿ ಮೇಲೆತ್ತಿದರೆ ನಡುವೆ ರಾಡಿ ಸೇರಿ ಪೈಲಿನ ಸೊಂಟವೇ ಮುರಿದಂತೆ. ಅದನ್ನು ಮೇಲೆ ನಿಂತವರು ಕಣ್ಣಿನಿಂದ ಕಾಣಲಾರರು. ಅದಕ್ಕೆಂದೇ ದೊಡ್ಡ ಕಾಮಗಾರಿಗಳಲ್ಲಿ ಪೈಲಿನ ತಲೆಗೆ ಸಣ್ಣ ಸುತ್ತಿಗೆಯಿಂದ ತಟ್ಟಿ, ಮರಳಿ ಬರುವ ಅಲೆಯನ್ನು ಉಪಕರಣದಿಂದ ಪರೀಕ್ಷಿಸುತ್ತಾರೆ. ಕೆಲವು ಪೈಲುಗಳ ಮೇಲೆ ನಿಗದಿತ ಭಾರದ ಒಂದೂವರೆ ಪಟ್ಟು ಹೇರಿ, ಎಷ್ಟು ಕುಸಿಯಿತೆಂದು ಅಳೆಯುತ್ತಾರೆ.

ಹಗೇವಿನ ಆಕಾರದ ಪೈಲ್

ಈಗ ನಮ್ಮ ಎರೆಮಣ್ಣಿಗೆ ಬರೋಣ. ಉತ್ತರ ಕರ್ನಾಟಕದ ಹಿರಿಯರಿಗೆ ಹಗೇವು ಗೊತ್ತು. ನೆಲದಲ್ಲಿ ತೋಡಿ ಜೋಳ ತುಂಬಿಡುತ್ತಿದ್ದ ಕಣಜ. ಅದರ ಬಾಯಿ ಕಿರಿದು, ಕೆಳಗೆ ಹೊಟ್ಟೆ ಅಗಲ. ಎರೆಮಣ್ಣಿಗಾಗಿ ರೂಪಿಸಿದ ಪೈಲಿನ ಆಕಾರವೂ ಹೆಚ್ಚುಕಡಿಮೆ ಹಾಗೆಯೇ ಇದೆ. ಇದರ ಹೆಸರು ಅಂಡರ್‌ರೀಮ್ಡ್ ಪೈಲ್. ಕನ್ನಡದಲ್ಲಿ ಬುಡ ಉಬ್ಬಿದ ಪೈಲ್ ಎನ್ನೋಣ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯಲ್ಲಿ ದಿನೇಶ್ ಮೋಹನ್ ಮತ್ತು ಅವರ ಸಹೋದ್ಯೋಗಿಗಳು ಭಾರತದ ಕರಿಮಣ್ಣಿಗೆ ತಕ್ಕಂತೆ ಇದನ್ನು ಬೆಳೆಸಿ ಬಳಕೆಗೆ ತಂದರು. ಭಾರತೀಯ ಮಾನಕ 2911ರ ಮೂರನೆಯ ಭಾಗ ಪೂರ್ತಿಯಾಗಿ ಇದಕ್ಕೇ ಮೀಸಲು.

ಇದರ ಹಿಂದಿನ ತರ್ಕ ಸರಳ. ಋತುಮಾನಕ್ಕೆ ತಕ್ಕಂತೆ ತೇವ ಏರಿಳಿಯುವುದು ಮೇಲಿನ ಕೆಲವು ಮೀಟರುಗಳಲ್ಲಿ ಮಾತ್ರ. ನಮ್ಮ ದೇಶದ ಕರಿಮಣ್ಣಿನಲ್ಲಿ ಸುಮಾರು 3.5 ಮೀಟರಿನ ಕೆಳಗೆ ಮಣ್ಣು ಬಹುಮಟ್ಟಿಗೆ ನಿಶ್ಚಲ. ಆದ್ದರಿಂದ ಆಳವಾದ ಎರೆಮಣ್ಣಿನಲ್ಲಿ ಪೈಲಿನ ಉದ್ದ ಕನಿಷ್ಠ 3.5 ಮೀಟರ್ ಇರಬೇಕೆಂದು ಮಾನಕ ಹೇಳುತ್ತದೆ. ಆ ಆಳದಲ್ಲಿ ರಂಧ್ರವನ್ನು ಅಗಲಿಸಿ ಉಬ್ಬು ಮಾಡುತ್ತಾರೆ. ಉಬ್ಬಿನ ವ್ಯಾಸ ಸಾಮಾನ್ಯವಾಗಿ ಕಾಂಡದ ಎರಡೂವರೆ ಪಟ್ಟು. ಅಂದರೆ 30 ಸೆಂಟಿಮೀಟರ್ ಕಾಂಡಕ್ಕೆ 75 ಸೆಂಟಿಮೀಟರ್ ಉಬ್ಬು. ವ್ಯಾಸ ಎರಡೂವರೆ ಪಟ್ಟಾದರೆ ವಿಸ್ತೀರ್ಣ ಅದರ ವರ್ಗದಷ್ಟು, ಅಂದರೆ 6.25 ಪಟ್ಟು. ಸ್ವಲ್ಪವೇ ಹೆಚ್ಚಿನ ಕಾಂಕ್ರೀಟಿನಲ್ಲಿ ಆಸರೆ ಆರು ಪಟ್ಟಿಗಿಂತ ಹೆಚ್ಚು! ಈ ಅಳತೆಯ ಒಂದು ಪೈಲ್ ಸುಮಾರು 16 ಟನ್ ಹೊರಬಲ್ಲದೆಂದು ಮಾನಕದ ಕೋಷ್ಟಕ ಸೂಚಿಸುತ್ತದೆ.

ಮಳೆಗಾಲದಲ್ಲಿ ಮೇಲಿನ ಮಣ್ಣು ಉಬ್ಬಿ ಕಾಂಡವನ್ನು ಎತ್ತಲು ನೋಡುತ್ತದೆ. ಕೆಳಗಿನ ಉಬ್ಬು ಲಂಗರಿನಂತೆ ಹಿಡಿದುಕೊಳ್ಳುತ್ತದೆ. ಈ ಎಳೆದಾಟದಲ್ಲಿ ಕಾಂಡ ಹರಿಯದಿರಲೆಂದು ಅದರ ಉದ್ದಕ್ಕೂ ಕಬ್ಬಿಣದ ಸಲಾಕೆ ಬೇಕು. ಕಾಂಕ್ರೀಟ್ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ತಡೆಯಲಾರದು. ಬೇಸಿಗೆಯಲ್ಲಿ ಮೇಲಿನ ಮಣ್ಣು ಕುಗ್ಗಿ ಕಾಂಡವನ್ನು ಬಿಟ್ಟು ಸರಿಯುತ್ತದೆ. ಆಗ ಭಾರವನ್ನೆಲ್ಲ ಉಬ್ಬು ಹೊರುತ್ತದೆ.

ಕೆಲಸದ ವಿಧಾನವೂ ಹಳ್ಳಿಗೆ ಒಗ್ಗುವಂಥದು. ದೊಡ್ಡ ಯಂತ್ರ ಬೇಕಿಲ್ಲ. ಸುರುಳಿಯಾಕಾರದ ಕೈ ಬೈರಿಗೆಯಿಂದ ನಾಲ್ಕಾರು ಆಳುಗಳು ರಂಧ್ರ ಕೊರೆಯುತ್ತಾರೆ. ಆಮೇಲೆ ಮಡಚುವ ಅಲಗುಗಳೂ ಕೆಳಗೊಂದು ಬಕೆಟ್ಟೂ ಇರುವ ಉಪಕರಣವನ್ನು ಇಳಿಸುತ್ತಾರೆ. ಒತ್ತಿ ತಿರುಗಿಸಿದಾಗ ಅಲಗುಗಳು ಕೊಡೆಯಂತೆ ಬಿಚ್ಚಿಕೊಂಡು ಸುತ್ತಲಿನ ಮಣ್ಣನ್ನು ಹೆರೆಯುತ್ತವೆ. ಹೆರೆದ ಮಣ್ಣು ಬಕೆಟ್ಟಿಗೆ ಬೀಳುತ್ತದೆ. ಮೇಲೆತ್ತುವಾಗ ಅಲಗುಗಳು ಮಡಚಿಕೊಳ್ಳುತ್ತವೆ. ಎರೆಮಣ್ಣು ಬಿಗಿಯಾಗಿರುವುದರಿಂದ ನೀರಿಲ್ಲದ ಕಡೆ ಈ ರಂಧ್ರ ಬೀಳದೆ ನಿಲ್ಲುತ್ತದೆ.

ಇನ್ನು ಒಂದು ಮುಖ್ಯ ಸಂಗತಿ. ಪೈಲುಗಳ ತಲೆಗಳನ್ನು ಜೋಡಿಸುವ ತೊಲೆಯ ಮೇಲೆ ಗೋಡೆ ಏಳುತ್ತದೆ. ಈ ತೊಲೆ ನೆಲವನ್ನು ಮುಟ್ಟಬಾರದು. ಕೆಳಗೆ ಕನಿಷ್ಠ 80 ಮಿಲಿಮೀಟರ್ ತೆರವಿರಬೇಕು. ಆ ತೆರವು ನೆಲ ಉಬ್ಬುವುದಕ್ಕೆ ಬಿಟ್ಟ ಜಾಗ. ತಿಳಿಯದವರು ಇದನ್ನು ಸಂದಿಯೆಂದು ಬಗೆದು ಮಣ್ಣು ತುರುಕಿ ಮುಚ್ಚಿಬಿಟ್ಟರೆ, ಮಳೆಗಾಲದಲ್ಲಿ ನೆಲ ನೇರವಾಗಿ ತೊಲೆಯನ್ನೇ ಎತ್ತುತ್ತದೆ. ಪೈಲಿಗೆ ಹಾಕಿದ ಹಣವೆಲ್ಲ ಒಂದು ಬುಟ್ಟಿ ಮಣ್ಣಿನಿಂದ ವ್ಯರ್ಥ!

ನದಿಯ ನಡುವೆ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಸೀಮೆಯಲ್ಲಿ ಸೇತುವೆಯ ಮಾತು ಬಿಡುವಂತಿಲ್ಲ. ಮಳೆಗಾಲದಲ್ಲಿ ಕಲ್ಲೋಳ–ಯಡೂರ, ಜತ್ರಾಟ–ಭಿವಶಿ, ಅಕ್ಕೋಳ–ಸಿದ್ನಾಳ ಮೊದಲಾದ ತಗ್ಗಿನ ಸೇತುವೆಗಳು ಮುಳುಗುವುದು ಇಲ್ಲಿಯವರಿಗೆ ಹೊಸದಲ್ಲ. ಸೇತುವೆಯ ತಳಪಾಯಕ್ಕೆ ಮುಖ್ಯ ವೈರಿ ನೀರಿನ ಕೊರೆತ. ಕಂಬಕ್ಕೆ ಬಡಿದ ಪ್ರವಾಹ ಸುಳಿಯಾಗಿ ತಿರುಗಿ ಬುಡದ ಮರಳು ಮಣ್ಣನ್ನು ಅಗೆದು ಒಯ್ಯುತ್ತದೆ. ನೆರೆ ಇಳಿಯುವಾಗ ಆ ಕುಳಿ ಮತ್ತೆ ತುಂಬಿಕೊಳ್ಳುವುದರಿಂದ ಬೇಸಿಗೆಯಲ್ಲಿ ನೋಡಿದವರಿಗೆ ಅಪಾಯದ ಆಳ ತಿಳಿಯುವುದೇ ಇಲ್ಲ. ಆದ್ದರಿಂದ ತಳಪಾಯ ಅತಿ ದೊಡ್ಡ ನೆರೆಯ ಕೊರೆತಕ್ಕಿಂತ ಕೆಳಗೆ ಇಳಿಯಬೇಕು, ಇಲ್ಲವೆ ಬಂಡೆಯಲ್ಲಿ ನೆಲೆಸಬೇಕು.

ಇದಕ್ಕೆ ನಮ್ಮ ದೇಶದ ಹಳೆಯ ಉತ್ತರ ಬಾವಿ ತಳಪಾಯ. ಮೇಲೆ ಬಾವಿಯಂತೆ ದುಂಡನೆಯ ಗೋಡೆ ಕಟ್ಟುತ್ತ, ಒಳಗಿನ ಮಣ್ಣು ತೆಗೆಯುತ್ತ, ಅದರ ಭಾರದಿಂದಲೇ ಅದನ್ನು ಇಳಿಸುವುದು. ಯಮುನೆಯ ದಂಡೆಯ ತಾಜಮಹಲ್ ನಿಂತಿರುವುದು ಇಂಥ ಬಾವಿಗಳ ಮೇಲೆ. ಈಗಿನ ಸೇತುವೆಗಳಲ್ಲಿ ದೊಡ್ಡ ವ್ಯಾಸದ ಪೈಲುಗಳ ಗುಂಪನ್ನು ಹಾಕಿ, ತಲೆಗೆ ಕಾಂಕ್ರೀಟಿನ ದಪ್ಪ ಟೊಪ್ಪಿಗೆ ಕಟ್ಟುವುದುಂಟು. ಗುಂಪಿನಲ್ಲಿ ಪೈಲುಗಳನ್ನು ತೀರ ಹತ್ತಿರ ಹಾಕಿದರೆ ಅವೆಲ್ಲ ಒಂದೇ ಮಣ್ಣಿನ ಬಲವನ್ನು ಹಂಚಿಕೊಳ್ಳಬೇಕಾಗುತ್ತದೆ. ಆದ್ದರಿಂದ ವ್ಯಾಸದ ಎರಡೂವರೆಯಿಂದ ಮೂರು ಪಟ್ಟು ಅಂತರ ಬಿಡುತ್ತಾರೆ.

ಎಲ್ಲ ಕಡೆಯೂ ಪೈಲ್ ಬೇಕೆ?

ಖಂಡಿತ ಬೇಡ. ಈ ಐದು ತಾಲೂಕುಗಳ ನೆಲ ಒಂದೇ ತರಹ ಇಲ್ಲ. ದಿನ್ನೆಯ ಮೇಲಿನ ಊರುಗಳಲ್ಲಿ ಎರೆಮಣ್ಣಿನ ಪದರ ತೆಳುವಾಗಿದ್ದು, ಸ್ವಲ್ಪ ಅಗೆದರೆ ಗರಸು ಅಥವಾ ಬಂಡೆ ಸಿಗಬಹುದು. ಅಲ್ಲಿ ಗರಸಿನವರೆಗೆ ಅಗೆದು ಹಾಕಿದ ಸಾಮಾನ್ಯ ಬುನಾದಿಯೇ ಸಾಕು. ನದಿಯ ತಗ್ಗಿನಲ್ಲಿ, ಹಳ್ಳದ ಬದಿಯಲ್ಲಿ ಕರಿಮಣ್ಣು ಆಳವಾಗಿರುತ್ತದೆ. ಅಲ್ಲಿ ಪೈಲಿನ ವಿಚಾರ ಮಾಡಬೇಕು. ಇನ್ನೊಂದು ದಾರಿಯೂ ಉಂಟು. ಮುಂಬಯಿಯ ಐ.ಐ.ಟಿ.ಯಲ್ಲಿದ್ದ ಪ್ರೊ. ಆರ್. ಕೆ. ಕಟ್ಟಿ ಅವರು ಎರೆಮಣ್ಣಿನ ಮೇಲೆ ಸುಮಾರು ಒಂದು ಮೀಟರ್ ದಪ್ಪದ, ಅಂಟುಗುಣವಿದ್ದೂ ಉಬ್ಬದ ಮಣ್ಣಿನ ಹಾಸು ಹಾಕಿದರೆ ಕೆಳಗಿನ ಉಬ್ಬರ ಬಹಳ ತಗ್ಗುತ್ತದೆಂದು ತೋರಿಸಿಕೊಟ್ಟರು. ನಮ್ಮ ಮಲಪ್ರಭಾ ಕಾಲುವೆಯ ಕಾಮಗಾರಿಯಲ್ಲಿಯೂ ಈ ವಿಧಾನ ಬಳಕೆಯಾಯಿತು.

2005ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಕೃಷ್ಣೆ ಮತ್ತು ಅವಳ ಉಪನದಿಗಳು ಉಕ್ಕಿ ಹರಿದಾಗ ನದಿದಂಡೆಯ ಊರುಗಳಿಗೆ ನೀರು ನುಗ್ಗಿತು. 2019ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಸಾವಿರಾರು ಮನೆಗಳು ಬಿದ್ದವು. ಪೈಲ್ ಇದ್ದರೆ ನೆರೆ ಒಳಗೆ ಬರುವುದಿಲ್ಲ ಎಂದು ಯಾರೂ ಭಾವಿಸಬಾರದು. ಆದರೆ ಬಿದ್ದ ಮನೆಯನ್ನು ಮತ್ತೆ ಕಟ್ಟುವಾಗ ಕೆಳಗಿನ ಮಣ್ಣನ್ನು ಕೇಳದೆ ಕಟ್ಟಿದರೆ, ನೆರೆ ಬಾರದ ವರ್ಷಗಳಲ್ಲಿಯೂ ನೆಲ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಪೈಲ್ ಹಾಕಲಾಗದವರೂ ಮಾಡಬಹುದಾದದ್ದಿದೆ: ಮನೆಯ ಸುತ್ತ ಇಳಿಜಾರಿನ ಕಟ್ಟೆ ಕಟ್ಟಿ ಮಳೆನೀರನ್ನು ದೂರ ಹಾಯಿಸುವುದು, ಬಚ್ಚಲ ನೀರು ಬುನಾದಿಯ ಬಳಿ ಇಂಗದಂತೆ ನೋಡುವುದು, ದೊಡ್ಡ ಮರಗಳನ್ನು ಗೋಡೆಯಿಂದ ದೂರ ನೆಡುವುದು. ಮಣ್ಣಿನ ತೇವ ಒಂದೇ ಸಮನಾಗಿದ್ದರೆ ಅದರ ಕೋಪವೂ ಅರ್ಧ ಇಳಿದಂತೆ.

ಮಾಡಿ ನೋಡಿ

ನಿಮ್ಮ ಊರಿನ ಮಣ್ಣು ಎಷ್ಟು ಉಬ್ಬುತ್ತದೆಂದು ಶಾಲೆಯ ಪ್ರಯೋಗಾಲಯದಲ್ಲಿಯೇ ತಿಳಿಯಬಹುದು. ಒಣಗಿದ ಮಣ್ಣನ್ನು ಪುಡಿ ಮಾಡಿ, ನುಣುಪಾದ ಜರಡಿಯಲ್ಲಿ ಸೋಸಿ. ಮಾನಕದಲ್ಲಿ ಹೇಳಿರುವುದು 425 ಮೈಕ್ರಾನ್ ಜರಡಿ. 100 ಮಿಲಿಲೀಟರಿನ ಎರಡು ಅಳತೆಯ ಜಾಡಿಗಳಲ್ಲಿ ತಲಾ 10 ಗ್ರಾಂ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಗಾಜಿನ ಕಡ್ಡಿಯಿಂದ ಕಲಕಿ ಗಾಳಿಯ ಗುಳ್ಳೆ ಬಿಡಿಸಿ. ಸೀಮೆಎಣ್ಣೆಯ ಜಾಡಿಯನ್ನು ಬೆಂಕಿಯಿಂದ ದೂರವಿಡಿ. 24 ಗಂಟೆಗಳ ನಂತರ ಎರಡರಲ್ಲಿಯೂ ಮಣ್ಣು ಎಷ್ಟು ಮಿಲಿಲೀಟರ್ ನಿಂತಿದೆ ನೋಡಿ. ನೀರಿನ ಅಳತೆಯಿಂದ ಸೀಮೆಎಣ್ಣೆಯ ಅಳತೆಯನ್ನು ಕಳೆದು, ಸೀಮೆಎಣ್ಣೆಯ ಅಳತೆಯಿಂದ ಭಾಗಿಸಿ, 100ರಿಂದ ಗುಣಿಸಿ. ಉತ್ತರ 50ಕ್ಕಿಂತ ಕಡಿಮೆ ಇದ್ದರೆ ಉಬ್ಬರ ಅಲ್ಪ, 50ರಿಂದ 100 ಮಧ್ಯಮ, 100ರಿಂದ 200 ಹೆಚ್ಚು, 200 ದಾಟಿದರೆ ಅತಿ ಹೆಚ್ಚು.

ಈ ಪರೀಕ್ಷೆ ಮೊದಲ ಸೂಚನೆ ಮಾತ್ರ. ಮನೆ ಕಟ್ಟುವವರು ಇಂಜಿನಿಯರರಿಂದ ಮಣ್ಣಿನ ಪರೀಕ್ಷೆ ಮಾಡಿಸಲೇಬೇಕು. ಆದರೆ ನಿಮ್ಮ ಓಣಿಯಲ್ಲಿ ಯಾರಾದರೂ ಬುನಾದಿ ತೋಡುತ್ತಿದ್ದರೆ, ಈ ಅಂಕಿಯನ್ನು ಕೈಯಲ್ಲಿ ಹಿಡಿದು ಹೋಗಿ ಮಾತನಾಡಿಸಿ. ಕಾಂಕ್ರೀಟ್ ಬೀಳುವ ಮುಂಚೆ ಕೇಳಿದ ಪ್ರಶ್ನೆಗೆ ಖರ್ಚಿಲ್ಲ.

ಯೋಚಿಸಿ

1. ಮಣ್ಣಿನ ಪರೀಕ್ಷೆಯಲ್ಲಿ ನೀರಿನ ಜೊತೆ ಸೀಮೆಎಣ್ಣೆಯನ್ನೂ ಏಕೆ ಬಳಸುತ್ತಾರೆ? ಅಣುಗಳ ಧ್ರುವೀಯ ಗುಣವನ್ನು ನೆನಪಿಸಿಕೊಂಡು ಉತ್ತರಿಸಿ.

2. ಉಬ್ಬಿನ ವ್ಯಾಸ ಕಾಂಡದ ಮೂರು ಪಟ್ಟಾದರೆ ಆಸರೆಯ ವಿಸ್ತೀರ್ಣ ಎಷ್ಟು ಪಟ್ಟಾಗುತ್ತದೆ?

3. ಕುಡಚಿ ಮತ್ತು ಉಗಾರದ ನಡುವೆ ಕೃಷ್ಣೆಯನ್ನು ದಾಟುವ ರೈಲು ಸೇತುವೆಯನ್ನು ನೋಡಿದವರು ಅದರ ಕಂಬಗಳ ಆಕಾರವನ್ನು ಚಿತ್ರಿಸಿ. ನೀರು ಬಂದು ಬಡಿಯುವ ಬದಿಯ ಆಕಾರಕ್ಕೂ ಬುಡದ ಕೊರೆತಕ್ಕೂ ಏನು ಸಂಬಂಧವಿರಬಹುದು?